ಹೆಚ್ಚಿದ ಹಸಿ ಕಳಲೆಗೆ ಕೋಲ್ಡ್ ಪ್ಲಾಸ್ಮಾ: ಯಂತ್ರ ಕೊಳ್ಳುವ ಮೊದಲು

ತುಂಗಾತೀರ:
ನಮಸ್ಕಾರ. ಹಿಡುವಳಿ ಜಮೀನಿನ ಬಿದಿರಿನಿಂದ ಮಳೆಗಾಲದಲ್ಲಿ ದಿನಕ್ಕೆ 60ರಿಂದ 70 ಕೆಜಿ ಕಳಲೆ. ಸುಲಿದು, 5 ಮಿ.ಮೀ. ದಪ್ಪದ ಬಿಲ್ಲೆ ಮಾಡಿ, 250 ಗ್ರಾಂ ಟ್ರೇಗೆ ಹಾಕಿ, ಫಿಲ್ಮ್ ಸೀಲ್ ಮಾಡಿ ಬೆಂಗಳೂರಿಗೆ ಕಳಿಸುವುದು. ಬೇಯಿಸಿದ್ದಲ್ಲ, ಉಪ್ಪುನೀರಿನದ್ದೂ ಅಲ್ಲ, ಹಸಿಯದ್ದೇ. 8 ಡಿಗ್ರಿ ಫ್ರಿಜ್‌ನಲ್ಲಿ ಎರಡನೇ ದಿನಕ್ಕೆ ಅಂಚು ಕಂದು, ನಾಲ್ಕನೇ ದಿನಕ್ಕೆ ಲೋಳೆ, ಹುಳಿ ವಾಸನೆ. ಅಷ್ಟರಲ್ಲಿ ಬುಡದ ಕಡೆಯ ಬಿಲ್ಲೆ ಹಲ್ಲಿಗೆ ಸಿಕ್ಕಿಕೊಳ್ಳುವಷ್ಟು ನಾರು.

ಕೋಲ್ಡ್ ಪ್ಲಾಸ್ಮಾ (ಹೈವೋಲ್ಟೇಜಿನಿಂದ ಗಾಳಿಯನ್ನೇ ವಿದ್ಯುತ್ ಹರಿಯುವ ಅನಿಲವಾಗಿಸಿ ಸೂಕ್ಷ್ಮಜೀವಿ ಕೊಲ್ಲುವ ವಿಧಾನ) ಪೆಟ್ಟಿಗೆ ಮಾರುವವರು "ಎರಡು ನಿಮಿಷ ಇಟ್ಟರೆ 15 ದಿನ ತಾಜಾ" ಅನ್ನುತ್ತಾರೆ. ಕೊಟ್ಟ ವಿವರ ಇಷ್ಟು: 20 ಕಿಲೋವೋಲ್ಟ್, ಎರಡು ತಟ್ಟೆಗಳ ನಡುವೆ 50 ಮಿ.ಮೀ. ಅಂತರ, ಗಾಳಿಯೇ ಅನಿಲ. ನಂಬಬಹುದಾ? ನಂಬುವುದಾದರೆ ಏನೇನು ಕೇಳಿ ತಿಳಿದುಕೊಳ್ಳಬೇಕು?

ಕೊಯ್ಲಿನ_ನಂತರ:
ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಇದನ್ನು ಬಿಡಿಸಿಕೊಳ್ಳದೆ ಯಂತ್ರ ತಂದರೆ ದುಡ್ಡು ದಂಡ.

ಮೊದಲನೆಯದು ನಾರು. ಕಳಲೆಯನ್ನು ಬುಡದಿಂದ ಕಡಿದರೂ ಅದು ಬಿದಿರಾಗುವ ಅವಸರ ಬಿಡುವುದಿಲ್ಲ. ಉಸಿರಾಟ ಬಹಳ ಜೋರು. ಕಡಿದ ಮುಖದಿಂದ ಹಿಡಿದು ತುದಿಯತ್ತ ಲಿಗ್ನಿನ್, ಅಂದರೆ ಮರವನ್ನು ಗಟ್ಟಿಯಾಗಿಸುವ ವಸ್ತು, ತುಂಬುತ್ತಾ ಹೋಗುತ್ತದೆ. ಇದಕ್ಕೆ ಬೇಕಾದ ಕಚ್ಚಾ ಸಾಮಾನು ಒದಗಿಸುವ ದಾರಿಯ ಬಾಗಿಲಲ್ಲಿ ಇರುವುದು ಪಿಎಎಲ್ ಅನ್ನುವ ಕಿಣ್ವ. ಕೊನೆಯಲ್ಲಿ ಲಿಗ್ನಿನ್ ಹೆಣೆಯುವುದು ಪೆರಾಕ್ಸಿಡೇಸ್. ಗಾಯ ಆದರೆ ಪಿಎಎಲ್ ಏರುತ್ತದೆ. ಬಿಲ್ಲೆ ಮಾಡಿದರೆ ಎರಡೂ ಮುಖ ಗಾಯವೇ. ಇದೆಲ್ಲ ನಡೆಯುವುದು ಅಂಗಾಂಶದ ಒಳಗೆ, ಪ್ಲಾಸ್ಮಾ ಕೆಲಸ ಮಾಡುವುದು ಮೈಮೇಲೆ. ನಾರಿಗೆ ಮದ್ದು ತಂಪು, ಅದೂ ಕಡಿದ ಗಂಟೆಗಳೊಳಗೆ ಸಿಗುವ ತಂಪು. ಸಿಪ್ಪೆ ಸಮೇತದ ಕಳಲೆಯನ್ನು 1–2 ಡಿಗ್ರಿಯಲ್ಲಿ, ಒಣಗದ ಹಾಗೆ, ಎರಡು ವಾರ ಚೆನ್ನಾಗಿಯೇ ಇಡಬಹುದು. ಕೊಟ್ಟಿಗೆಯ ಬಿಸಿಯಲ್ಲಿ ಒಂದೆರಡು ದಿನ ಬಿಟ್ಟರೆ ಬುಡ ಮರವಾಗುತ್ತದೆ. ನಿಮ್ಮ 8 ಡಿಗ್ರಿ ಸಾಲದು.

ಎರಡನೆಯದು ಕಂದು. ಕತ್ತಿ ಹಾಯ್ದಲ್ಲಿ ಜೀವಕೋಶ ಒಡೆದು ಫಿನಾಲುಗಳು ಪಾಲಿಫಿನಾಲ್ ಆಕ್ಸಿಡೇಸ್ ಕಿಣ್ವಕ್ಕೂ ಗಾಳಿಗೂ ಸಿಗುತ್ತವೆ. ಸೇಬು, ಬದನೆ ಹೆಚ್ಚಿಟ್ಟಾಗ ಆಗುವುದೇ ಇದು. ಮೇಲ್ಮೈಯಲ್ಲೇ ನಡೆಯುವ ಕೆಲಸವಾದ್ದರಿಂದ ಪ್ಲಾಸ್ಮಾ ಈ ಕಿಣ್ವವನ್ನು ಒಂದು ಮಟ್ಟಕ್ಕೆ ಕುಗ್ಗಿಸಬಲ್ಲದು. ಪೂರ್ತಿ ಸಾಯಿಸುವುದಿಲ್ಲ.

ಮೂರನೆಯದು ಲೋಳೆ, ಹುಳಿ. ಅದು ಮಣ್ಣಿನಿಂದ, ನೀರಿನಿಂದ, ಕೈಯಿಂದ ಬಂದ ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಪ್ಲಾಸ್ಮಾದ ನಿಜವಾದ ಉಪಯೋಗ ಇಲ್ಲಿ.

ಇನ್ನೊಂದು ಮಾತು. ಪ್ಲಾಸ್ಮಾ ಕೂಡ ಅಂಗಾಂಶಕ್ಕೆ ಒಂದು ಪೆಟ್ಟೇ. ಹದವಾಗಿ ಬಿದ್ದರೆ ಕಳಲೆಯ ಸ್ವಂತ ರಕ್ಷಣಾ ಕಿಣ್ವಗಳು ಚುರುಕಾಗುತ್ತವೆ. ಹದ ಮೀರಿದರೆ ಅದೂ ಒಂದು ಗಾಯ: ಪಿಎಎಲ್ ಏರಿ ನಾರು ಹೆಚ್ಚಬಹುದು, ಮೈ ಸುಟ್ಟಂತೆ ಕಂದಾಗಬಹುದು. "ಎರಡು ನಿಮಿಷ ಒಳ್ಳೆಯದಾದರೆ ಹತ್ತು ನಿಮಿಷ ಇನ್ನೂ ಒಳ್ಳೆಯದು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೈವೋಲ್ಟೇಜ್_ಕನ್ನಡಿಗ:
ಯಂತ್ರದ ಬಗ್ಗೆ ನಾನು ಹೇಳುತ್ತೇನೆ. 20 ಕಿಲೋವೋಲ್ಟಿಗೆ 50 ಮಿ.ಮೀ. ಅಂತರದಲ್ಲಿ ಪ್ಲಾಸ್ಮಾ ಹೊತ್ತಿಕೊಳ್ಳುವುದೇ ಇಲ್ಲ.

ಲೆಕ್ಕ ನೋಡಿ. ಮಾಮೂಲಿ ವಾತಾವರಣದ ಒತ್ತಡದಲ್ಲಿ ಗಾಳಿ ಮುರಿಯಲು ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್ ಬೇಕು, ಅದೂ ಶಿಖರದ ವೋಲ್ಟೇಜ್. 50 ಮಿ.ಮೀ.ಗೆ 150. ನಿಮ್ಮ 20 ಅನ್ನುವುದು ಆರ್‌ಎಂಎಸ್ (ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ) ಆದರೆ ಶಿಖರ 28. ಅಷ್ಟಕ್ಕೆ ಹೊತ್ತಿಕೊಳ್ಳುವ ಅಂತರ 8–9 ಮಿ.ಮೀ. ಮಾತ್ರ. ಕತ್ತಲೆ ಕೋಣೆಯಲ್ಲಿ ತಟ್ಟೆಯ ಅಂಚಿನಲ್ಲಿ ನೇರಳೆ ಬೆಳಕು ತೋರಿಸುತ್ತಾರೆ, ಅದು ಕರೋನಾ, ಅಂದರೆ ಅಂಚಿನಲ್ಲಷ್ಟೇ ಆಗುವ ಸಣ್ಣ ವಿದ್ಯುತ್ ಸೋರಿಕೆ. ಅದರಿಂದ ಸ್ವಲ್ಪ ಓಝೋನ್ ಹುಟ್ಟುತ್ತದೆ, ವಾಸನೆಯೂ ಬರುತ್ತದೆ, ನೋಡಿದವರು ನಂಬುತ್ತಾರೆ. ಅಂಥದ್ದು ಬೇಕಿದ್ದರೆ ಓಝೋನ್ ಜನರೇಟರ್ ಇನ್ನೂ ಅಗ್ಗ.

ಟ್ರೇ ಸೀಲ್ ಮಾಡಿದ ಮೇಲೆ ಅದರೊಳಗಿನ ಗಾಳಿಯಲ್ಲೇ ಪ್ಲಾಸ್ಮಾ ಹುಟ್ಟಿಸುವ ವಿಧಾನ ನಿಮಗೆ ಸರಿ. ಹೆಸರು ಡಿಬಿಡಿ (ಡೈಎಲೆಕ್ಟ್ರಿಕ್ ಬ್ಯಾರಿಯರ್ ಡಿಸ್ಚಾರ್ಜ್). ಎರಡು ಲೋಹದ ತಟ್ಟೆ, ಅವುಗಳ ನಡುವೆ ವಿದ್ಯುತ್ ಹರಿಯಗೊಡದ ಹಾಳೆ: ಪಾಲಿಪ್ರೊಪಿಲಿನ್, ಗಾಜು ಅಥವಾ ಅಲ್ಯೂಮಿನಾ. ಆ ಹಾಳೆ ಇರುವುದರಿಂದ ಒಂದೇ ದಪ್ಪ ಕಿಡಿಯಾಗುವ ಬದಲು ಸಾವಿರಾರು ಸಣ್ಣ ಎಳೆಗಳಾಗಿ ಹರಡುತ್ತದೆ. ಎಲೆಕ್ಟ್ರಾನುಗಳು ಮಾತ್ರ ಬಿಸಿ, ಗಾಳಿ ಕೋಣೆಯ ಬಿಸಿಯಲ್ಲೇ ಇರುತ್ತದೆ. "ಕೋಲ್ಡ್" ಅನ್ನುವುದು ಅದಕ್ಕೇ, ಫ್ರಿಜ್ಜಿನ ತಂಪಿಗಲ್ಲ.

ನಿಮ್ಮ ಟ್ರೇ 20 ಮಿ.ಮೀ. ಎತ್ತರ ಅಂದುಕೊಳ್ಳಿ. ಗಾಳಿಗೆ 60 ಕಿಲೋವೋಲ್ಟ್. ಮೇಲೆ ಕೆಳಗೆ ತಲಾ 2 ಮಿ.ಮೀ. ಪಾಲಿಪ್ರೊಪಿಲಿನ್ ಹಾಳೆ. ಅದರ ಪರಾವೈದ್ಯುತ ಅಂಕ (ಡೈಎಲೆಕ್ಟ್ರಿಕ್ ಕಾನ್ಸ್ಟಂಟ್) 2.2, ಹಾಗಾಗಿ 4 ಮಿ.ಮೀ. ಹಾಳೆ 1.8 ಮಿ.ಮೀ. ಗಾಳಿಗೆ ಸಮ. ಒಟ್ಟು 65ರ ಆಸುಪಾಸು ಶಿಖರ, ಅಂದರೆ 46 ಆರ್‌ಎಂಎಸ್. ಸ್ವಲ್ಪ ಮಿಗಿಸಿ 55 ಇಟ್ಟುಕೊಳ್ಳಿ. ಟ್ರೇ 40 ಮಿ.ಮೀ. ಆದರೆ 80ರ ಮೇಲೆ ಬೇಕು. ಟ್ರಾನ್ಸ್‌ಫಾರ್ಮರ್ ಬೆಲೆ, ಅಪಾಯ ಎರಡೂ ಏರುತ್ತವೆ. ಟ್ರೇ ಚಪ್ಪಟೆಯಾದಷ್ಟೂ ಯಂತ್ರ ಸರಳ.

ಕಳಲೆಯಲ್ಲಿ 90% ನೀರು. ತಟ್ಟೆಗಳ ನಡುವೆ ಅದು ಹೆಚ್ಚುಕಮ್ಮಿ ಲೋಹದಂತೆಯೇ ವರ್ತಿಸುತ್ತದೆ. ಬಿಲ್ಲೆ ಒಂದರ ಮೇಲೊಂದು ಕೂತಲ್ಲಿ ಗಾಳಿಯ ಅಂತರ ಕಡಿಮೆಯಾಗಿ ಎಳೆಗಳೆಲ್ಲ ಆ ಗುಡ್ಡೆಯ ತಲೆಗೇ ನುಗ್ಗುತ್ತವೆ. ಆ ಬಿಲ್ಲೆಗೆ ಸಾಸಿವೆ ಗಾತ್ರದ ಕಂದು ಚುಕ್ಕೆ, ತಗ್ಗಿನಲ್ಲಿದ್ದದ್ದಕ್ಕೆ ಏನೂ ಇಲ್ಲ. ಒಂದೇ ಪದರ, ಒಂದೇ ದಪ್ಪ.

ತುಂಗಾತೀರ:
ಒಂದೇ ಪದರ ಅಂದರೆ ಟ್ರೇಗೆ 250 ಗ್ರಾಂ ಹಿಡಿಯುವುದಿಲ್ಲ. 120–130 ಗ್ರಾಂ ಅಷ್ಟೆ. ಮಾರುವವರಿಗೆ ಅಂತರದ ಪ್ರಶ್ನೆ ಕೇಳಿದ್ದಕ್ಕೆ "ನಮ್ಮದು ಹೈ ಫ್ರೀಕ್ವೆನ್ಸಿ, ಹಾಗಾಗಿ ನಡೆಯುತ್ತದೆ" ಅಂತ ಉತ್ತರ.

ಹೈವೋಲ್ಟೇಜ್_ಕನ್ನಡಿಗ:
ಫ್ರೀಕ್ವೆನ್ಸಿ ಏರಿಸಿದರೆ ಸೆಕೆಂಡಿಗೆ ಎಷ್ಟು ಸಲ ಹೊತ್ತಿಕೊಳ್ಳುತ್ತದೆ ಅನ್ನುವುದು ಏರುತ್ತದೆ, ಅಂದರೆ ಶಕ್ತಿ ಏರುತ್ತದೆ. ಹೊತ್ತಿಕೊಳ್ಳಲು ಬೇಕಾದ ವೋಲ್ಟೇಜ್ ಕೆಲವು ಕಿಲೋಹರ್ಟ್ಸಿನಲ್ಲಿ ಐದು ಪಟ್ಟು ಇಳಿಯುವುದಿಲ್ಲ. ಅವರಲ್ಲಿ ಎರಡು ಸಂಖ್ಯೆ ಕೇಳಿ: ತಟ್ಟೆಯ ಒಂದು ಚದರ ಸೆಂ.ಮೀ.ಗೆ ಎಷ್ಟು ವ್ಯಾಟ್, ಮತ್ತು ಅದನ್ನು ಹೇಗೆ ಅಳೆದಿರಿ. ಗೋಡೆಯ ಸಾಕೆಟ್ಟಿನ ಮೀಟರ್ ಓದಿ ಹೇಳಿದರೆ ಅದು ಟ್ರಾನ್ಸ್‌ಫಾರ್ಮರ್ ಕಾಯಿಸಿದ ಲೆಕ್ಕವೂ ಸೇರಿದ್ದು. ಸರಿಯಾದ ಕ್ರಮ: ಕೆಳಗಿನ ತಟ್ಟೆಗೂ ಅರ್ಥಿಗೂ ನಡುವೆ ಗೊತ್ತಿರುವ ಒಂದು ಕೆಪಾಸಿಟರ್, ಮೇಲಿನ ತಟ್ಟೆಗೆ 1000:1 ಹೈವೋಲ್ಟೇಜ್ ಪ್ರೋಬ್, ಎರಡನ್ನೂ ಆಸಿಲೋಸ್ಕೋಪಿಗೆ (ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಕೊಟ್ಟರೆ ಓರೆ ಚೌಕದಂಥ ಆಕೃತಿ ಬರುತ್ತದೆ. ಅದರ ವಿಸ್ತೀರ್ಣವನ್ನು ಆ ಕೆಪಾಸಿಟರಿನ ಮೌಲ್ಯದಿಂದಲೂ ಫ್ರೀಕ್ವೆನ್ಸಿಯಿಂದಲೂ ಗುಣಿಸಿದರೆ ಪ್ಲಾಸ್ಮಾಕ್ಕೆ ಹೋದ ನಿಜವಾದ ಶಕ್ತಿ. ಆಕೃತಿ ಬರೀ ಒಂದು ಗೆರೆಯಾಗಿದ್ದರೆ ಪ್ಲಾಸ್ಮಾ ಇಲ್ಲ. ಯಂತ್ರ ಮಾಡಿದವರು ಈ ಚಿತ್ರ ತೋರಿಸಲಾರದಿದ್ದರೆ ಅಲ್ಲಿಗೇ ಮಾತು ಮುಗಿಸಿ.

ಶಕ್ತಿಯನ್ನು ಯಾಕೆ ಕೇಳುವುದೆಂದರೆ, ಅದೇ ಗಾಳಿ ಎರಡು ಬೇರೆ ಬೇರೆ ಮದ್ದು ಕೊಡುತ್ತದೆ. ಕಡಿಮೆ ಶಕ್ತಿ, ತಂಪು ತಟ್ಟೆ ಇದ್ದರೆ ಓಝೋನ್ ಹೆಚ್ಚು. ಶಕ್ತಿ ಏರಿ ತಟ್ಟೆ ಬಿಸಿಯಾದರೆ ನೈಟ್ರಿಕ್ ಆಕ್ಸೈಡ್ ಹುಟ್ಟಿ ಓಝೋನನ್ನು ತಿಂದುಬಿಡುತ್ತದೆ, ಪೆಟ್ಟಿಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಉಳಿಯುತ್ತದೆ. ಅದು ಬಿಲ್ಲೆಯ ನೀರಿನಲ್ಲಿ ಕರಗಿ ನೈಟ್ರೇಟ್, ನೈಟ್ರೈಟ್ ಆಗುತ್ತದೆ. ಬೆಳಿಗ್ಗೆಯ ಮೊದಲ ಟ್ರೇ ಚೆನ್ನಾಗಿ ಬಂದು ಹತ್ತನೆಯದು ಕೆಟ್ಟಿತು ಅಂದರೆ ಮೊದಲು ನೋಡಬೇಕಾದ್ದು ತಟ್ಟೆಯ ಬಿಸಿ. ಟ್ರೇ ಟ್ರೇಗೂ ನಡುವೆ ಫ್ಯಾನ್ ಹಾಕಿ ತಟ್ಟೆ ತಣಿಸಬೇಕು.

ಆಟಿ_ಕಣಿಲೆ:
ನಮ್ಮ ಕಡೆ ಕಣಿಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿಯೇ ಪದೆಂಗಿ (ಹೆಸರುಕಾಳು) ಜೊತೆ ಗಸಿ ಮಾಡುವುದು ಮಾರಾಯ್ರೆ. ಈ ಪ್ಲಾಸ್ಮಾ ಕೊಟ್ಟರೆ ಕಹಿ, ವಿಷ ಹೋಗ್ತದಾ? ಹೋಗ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳುವುದು ಕೇಳಿದೆ.

ಕೊಯ್ಲಿನ_ನಂತರ:
ಹೋಗುವುದಿಲ್ಲ. ಕಳಲೆಯ ಕಹಿಯೂ ವಿಷವೂ ಟ್ಯಾಕ್ಸಿಫಿಲಿನ್ ಅನ್ನುವ ವಸ್ತು. ಹೆಚ್ಚಿದಾಗ ಕಿಣ್ವ ತಾಗಿ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಇರುವುದು ಬಿಲ್ಲೆಯ ಆಳದಲ್ಲೆಲ್ಲ, ತುದಿಯಲ್ಲಿ ಬುಡಕ್ಕಿಂತ ಬಹುಪಟ್ಟು ಹೆಚ್ಚು. ತೆಳ್ಳಗೆ ಹೆಚ್ಚಿ ನೀರು ಬದಲಿಸುತ್ತಾ ಇಟ್ಟರೆ ಕರಗಿ ಹೋಗುತ್ತದೆ, ತೆರೆದ ಪಾತ್ರೆಯಲ್ಲಿ ಕುದಿಸಿದರೆ ಒಡೆದು ಆವಿಯಾಗಿ ಹೋಗುತ್ತದೆ. 20 ನಿಮಿಷ ಕುದಿಸಿದರೆ ಮುಕ್ಕಾಲು ಭಾಗದ ಹತ್ತಿರ ಹೋಗುತ್ತದೆ, ಪೂರ್ತಿ ಅಲ್ಲ. ಅಜ್ಜಿಯಂದಿರು ನೆನೆಹಾಕಿ, ಕುದಿಸಿ, ನೀರು ಚೆಲ್ಲಿ ಆಮೇಲೆ ಒಗ್ಗರಣೆಗೆ ಇಡುತ್ತಿದ್ದುದು ಸುಮ್ಮನೆ ಅಲ್ಲ.

ಹಸಿ ಬಿಲ್ಲೆ ಮಾರುವವರಿಗೆ ಇದು ದೊಡ್ಡ ಜವಾಬ್ದಾರಿ. ನೀಟಾದ ಟ್ರೇ, ಬೆಳ್ಳನೆಯ ಬಿಲ್ಲೆ ಕಂಡರೆ ಬೆಂಗಳೂರಿನ ಗಿರಾಕಿ ಸಲಾಡ್ ಅಂದುಕೊಳ್ಳುತ್ತಾನೆ. ಟ್ರೇಯ ಮೇಲೆ ದಪ್ಪ ಅಕ್ಷರದಲ್ಲಿ "ಹಸಿಯಾಗಿ ತಿನ್ನಬೇಡಿ, ತೆರೆದ ಪಾತ್ರೆಯಲ್ಲಿ 20–25 ನಿಮಿಷದಂತೆ ಎರಡು ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ" ಅಂತ ಇರಲೇಬೇಕು. ಮಡಚಿದ ಚೀಟಿಯಲ್ಲಿ ಅಲ್ಲ, ಫಿಲ್ಮ್ ಮೇಲೆಯೇ.

ಮೂರು ದಿನ ನೆನೆಸಿದ ಕಣಿಲೆಗೆ ಪ್ಲಾಸ್ಮಾ ಕೊಡುವುದು ವ್ಯರ್ಥ. ಅದು ಆಗಲೇ ಹುಳಿಯಲು ಶುರುವಾದ ಬೇರೆಯದೇ ಪದಾರ್ಥ.

ಸೂಕ್ಷ್ಮಜೀವಿ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ತರಕಾರಿ ಬಿಲ್ಲೆಯ ಮೇಲೆ ಪ್ಲಾಸ್ಮಾದಿಂದ ಸಾಮಾನ್ಯವಾಗಿ ಸಿಗುವುದು 1ರಿಂದ 2 ಲಾಗ್ ಇಳಿಕೆ, ಅಂದರೆ ಹತ್ತರಲ್ಲಿ ಒಂದು ಅಥವಾ ನೂರರಲ್ಲಿ ಒಂದು ಬ್ಯಾಕ್ಟೀರಿಯಾ ಉಳಿಯುತ್ತದೆ. ಕೇಳಲು ಚೆಂದ. ಆದರೆ 1 ಲಾಗ್ ಅಂದರೆ 3.3 ಸಲ ಇಮ್ಮಡಿಯಾಗುವಷ್ಟು ಸಮಯ, ಅಷ್ಟೇ. 4 ಡಿಗ್ರಿಯಲ್ಲಿ, ತಂಪಿನಲ್ಲೂ ಬೆಳೆದು ತರಕಾರಿ ಕೆಡಿಸುವ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಇಮ್ಮಡಿಯಾಗಲು 9 ಗಂಟೆ ಅಂತ ಹಿಡಿದರೆ 1 ಲಾಗ್ ಕೊಡುವುದು 30 ಗಂಟೆ. 2 ಲಾಗ್ ಅಂದರೆ ಎರಡೂವರೆ ದಿನ. ಅದೇ ಟ್ರೇ ಬಸ್ಸಿನ ಡಿಕ್ಕಿಯಲ್ಲಿ 20 ಡಿಗ್ರಿ ದಾಟಿ ಕೂತರೆ ಇಮ್ಮಡಿಯಾಗಲು ಒಂದೆರಡು ಗಂಟೆ ಸಾಕು. ನೀವು ಯಂತ್ರಕ್ಕೆ ಹಾಕಿದ ದುಡ್ಡಿನ ಫಲ ಒಂದೇ ರಾತ್ರಿಯಲ್ಲಿ ಕರಗಿತು.

4 ದಿನದ್ದು 7 ಆಗಬಹುದು. 15 ಆಗುವುದು ಪ್ಲಾಸ್ಮಾದಿಂದಲ್ಲ, 2 ಡಿಗ್ರಿಯಿಂದ.

ಕೊಯ್ಲಿನ_ನಂತರ:
ಲೆಕ್ಕ ಒಪ್ಪಿದೆ, ಒಂದು ತಿದ್ದುಪಡಿ. ಬದುಕಿ ಉಳಿದವೂ ಪೆಟ್ಟು ತಿಂದಿರುತ್ತವೆ, ತಣ್ಣಗಿದ್ದರೆ ಚೇತರಿಸಿಕೊಂಡು ಹೆಚ್ಚಲು ಹೊತ್ತು ಬೇಕು. ಹಾಗಾಗಿ ತಂಪಿನ ಜೊತೆ ಸೇರಿದಾಗ ಪ್ಲಾಸ್ಮಾ ಲೆಕ್ಕಕ್ಕಿಂತ ತುಸು ಹೆಚ್ಚೇ ಕೊಡುತ್ತದೆ. ತಂಪಿಲ್ಲದಿದ್ದರೆ ಲೆಕ್ಕಕ್ಕಿಂತ ಕಡಿಮೆ.

ಈಗ ಕೆಲಸದ ಕ್ರಮ. ಬೆಳಗಿನ ಜಾವ ಕಡಿದು ಸಿಪ್ಪೆ ಸಮೇತ ತಂದು ಐಸು ಹಾಕಿದ ನೀರಿನಲ್ಲಿ ಒಳತಿರುಳು 5 ಡಿಗ್ರಿಗೆ ಇಳಿಯುವ ತನಕ ಮುಳುಗಿಸಿ. ಸೂಜಿ ಥರ್ಮಾಮೀಟರ್ ಬುಡದ ನಡುವಿಗೆ ಚುಚ್ಚಿ ನೋಡಿ. ದಪ್ಪ ಕಳಲೆಗೆ ಅರ್ಧ ಗಂಟೆಯಲ್ಲಿ ಇಳಿಯುವುದಿಲ್ಲ. ಸಿಪ್ಪೆಯ ಸುಂಕು, ಮಣ್ಣು ಒಂದು ಕೋಣೆಯಲ್ಲೇ ಮುಗಿಯಲಿ, ಹೆಚ್ಚುವ ಮೇಜಿಗೆ ಬರಬಾರದು. ಸುಲಿದ ಮೇಲೆ ಬುಡದ 2–3 ಸೆಂ.ಮೀ. ಧಾರಾಳವಾಗಿ ಕತ್ತರಿಸಿ ಬಿಸಾಕಿ. ಉಗುರು ಒತ್ತಿದರೆ ಇಳಿಯಬೇಕು. ಇಳಿಯದ ಗೆಣ್ಣು ನಾರಿನದ್ದೇ, ಅದನ್ನು ಯಾವ ಯಂತ್ರವೂ ಎಳೆಯದು ಮಾಡದು.

ಕಬ್ಬಿಣದ ಕತ್ತಿ ಬೇಡ, ಸ್ಟೇನ್ಲೆಸ್ ಸ್ಟೀಲ್ ಬ್ಲೇಡ್ ಬೇಕು. ಫಿನಾಲಿಗೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ. ಮಲೆನಾಡಿನ ಎಷ್ಟೋ ಬೋರ್‌ವೆಲ್ ನೀರು ಬಕೆಟ್ಟಿಗೆ ಕೆಂಪು ಕಟ್ಟುತ್ತದೆ ನೋಡಿ, ಆ ನೀರಿನಲ್ಲಿ ತೊಳೆದರೂ ಅದೇ ಕಲೆ. ಎಷ್ಟೋ ಕಡೆ "ಕಂದಾಗುತ್ತದೆ" ಅನ್ನುವ ದೂರಿನಲ್ಲಿ ಅರ್ಧ ಇದರದ್ದೇ. ಕಬ್ಬಿಣ ತೆಗೆಯುವ ಫಿಲ್ಟರ್ ಮೊದಲು, ಪ್ಲಾಸ್ಮಾ ಆಮೇಲೆ.

ಹೆಚ್ಚಿದ ಕೂಡಲೇ 0.5% ಸಿಟ್ರಿಕ್ ಆಸಿಡ್, 1% ಕ್ಯಾಲ್ಸಿಯಂ ಕ್ಲೋರೈಡ್ ಇರುವ 4 ಡಿಗ್ರಿ ನೀರಿನಲ್ಲಿ ಮೂರು ನಿಮಿಷ. ಕಂದಿಗೆ ಅಂತ ಎಲ್ಲರೂ ವಿಟಮಿನ್ ಸಿ ಸೇರಿಸುತ್ತಾರೆ. ಪ್ಲಾಸ್ಮಾ ಕೊಡುವುದಿದ್ದರೆ ಅದನ್ನು ಸೇರಿಸಬೇಡಿ. ಆಸ್ಕಾರ್ಬಿಕ್ ಆಸಿಡ್ ಓಝೋನನ್ನು ಕಂಡಲ್ಲೇ ನುಂಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೀಳಬೇಕಾದ ಪೆಟ್ಟನ್ನು ನೀವೇ ತಡೆದಂತೆ. ಎರಡರಲ್ಲಿ ಒಂದು ಆರಿಸಿ.

ಆಮೇಲೆ ಸ್ಪಿನ್ನರ್. ಹೆಚ್ಚು ಜನ ಸೋಲುವುದು ಇಲ್ಲೇ. ಬಿಲ್ಲೆಯ ಮೇಲೆ ನೀರಿನ ಪೊರೆ ಉಳಿದರೆ ಬ್ಯಾಕ್ಟೀರಿಯಾ ಅದರ ಕೆಳಗೆ ಆರಾಮಾಗಿರುತ್ತವೆ, ಹನಿ ಇದ್ದಲ್ಲಿ ಪ್ಲಾಸ್ಮಾದ ಎಳೆಗಳು ಗುಂಪುಗೂಡಿ ಸುಡುತ್ತವೆ. ತೊಳೆಯುವ ಮುಂಚಿನ ತೂಕಕ್ಕೆ ಹೋಲಿಸಿ 1–2%ಗಿಂತ ಹೆಚ್ಚು ನೀರು ಹಿಡಿದಿರಬಾರದು.

ಪ್ಯಾಕಿಂಗ್_ಪಾಂಡು:
ಟ್ರೇ, ಫಿಲ್ಮ್ ಬಗ್ಗೆ. ಪಾಲಿಪ್ರೊಪಿಲಿನ್ ಟ್ರೇ ಸರಿ. ಬೆಳ್ಳಿ ಮಿರುಗಿನ ಲೋಹ ಲೇಪಿತ ಫಿಲ್ಮ್ ಯಾವ ಕಾರಣಕ್ಕೂ ಬೇಡ, ಅದು ಮೂರನೇ ಎಲೆಕ್ಟ್ರೋಡ್ ಆಗಿ ಅಂಚಿನಿಂದ ಕಿಡಿ ಹೊಡೆದು ತೂತು ಬೀಳುತ್ತದೆ. ಸ್ಟೇಪ್ಲರ್ ಪಿನ್, ಬೆಳ್ಳಿ ಶಾಯಿಯ ಲೇಬಲ್ ಕೂಡ ಹಾಗೇ. ಲೇಬಲ್ ಅಂಟಿಸುವುದು ಪ್ಲಾಸ್ಮಾ ಆದ ಮೇಲೆ.

ಕಳಲೆ ಜೋರಾಗಿ ಉಸಿರಾಡುವುದರಿಂದ ದಪ್ಪ ಲ್ಯಾಮಿನೇಟ್ ಹಾಕಿದರೆ ಒಳಗಿನ ಆಮ್ಲಜನಕ ಬೇಗ ಮುಗಿದು ಹೆಂಡದ ವಾಸನೆ ಬರುತ್ತದೆ. ಉಸಿರಾಡುವ ಫಿಲ್ಮ್ ಬೇಕು. 30–40 ಮೈಕ್ರಾನ್ ಎಲ್‌ಡಿಪಿಇಯಿಂದ ಶುರು ಮಾಡಿ. ಸೂಜಿತೂತಿನ ಫಿಲ್ಮ್ ಆದರೆ ಪ್ಲಾಸ್ಮಾದ ಅನಿಲ ಸೋರಿಹೋಗುತ್ತದೆ.

ಬೈಂಬಳೆ_ಪ್ರಿಯೆ:
ಹಾಗಾದರೆ ವ್ಯಾಕ್ಯೂಮ್ ಪ್ಯಾಕ್ ಮಾಡಿಬಿಟ್ಟರೆ? ಗಾಳಿಯೇ ಇಲ್ಲದಿದ್ದರೆ ಕಂದೂ ಇಲ್ಲವಲ್ಲ. ಕೊಡಗಿನಿಂದ ಬೈಂಬಳೆ (ಕಳಲೆ) ಹಾಗೆ ತರಿಸುವವರನ್ನು ನೋಡಿದ್ದೇನೆ.

ಸೂಕ್ಷ್ಮಜೀವಿ:
ದಯವಿಟ್ಟು ಬೇಡ. ಕಳಲೆಯ ಪಿಎಚ್ 6ರ ಹತ್ತಿರ, ಸುರಕ್ಷಿತ ಗೆರೆಯಾದ 4.6ಕ್ಕಿಂತ ಬಹಳ ಮೇಲೆ. ಮಣ್ಣಿನಲ್ಲಿ ಹುಟ್ಟುವ ಪದಾರ್ಥ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ, ಮಾರಕ ವಿಷ ಮಾಡುವ ಬ್ಯಾಕ್ಟೀರಿಯಾದ ಬೀಜಕಗಳೂ ಮಣ್ಣಿನವೇ. ಗಾಳಿ ತೆಗೆದರೆ ಅವಕ್ಕೆ ಬೇಕಾದ ಮನೆ ಕಟ್ಟಿಕೊಟ್ಟಂತೆ. ಕೆಲವು ತಳಿಗಳು 3 ಡಿಗ್ರಿಯಲ್ಲೂ ಬೆಳೆಯುತ್ತವೆ. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ನಾನ್ ಪ್ರಾಂತ್ಯದಲ್ಲಿ ಉತ್ಸವದ ಊಟಕ್ಕೆ ಬಡಿಸಿದ, ಮನೆಯಲ್ಲಿ ಡಬ್ಬಿ ಕಟ್ಟಿದ್ದ ಕಳಲೆಯಿಂದ 209 ಜನ ಬೊಟುಲಿಸಂ ಅನ್ನುವ ಆ ವಿಷಬಾಧೆಗೆ ಬಿದ್ದರು. ಎಷ್ಟೋ ಜನರನ್ನು ವೆಂಟಿಲೇಟರಿನಲ್ಲಿ ಇಡಬೇಕಾಯಿತು.

ಇಲ್ಲಿ ಪ್ಲಾಸ್ಮಾದ ಒಂದು ಮೋಸವೂ ಇದೆ. ಅದು ವಾಸನೆ ಬರಿಸುವ ಮಾಮೂಲಿ ಬ್ಯಾಕ್ಟೀರಿಯಾವನ್ನು ಇಳಿಸುತ್ತದೆ, ಬೀಜಕಗಳ ಮೇಲೆ ಅದರ ಕೈ ಅಷ್ಟು ನಡೆಯುವುದಿಲ್ಲ. ಅಂದರೆ ಕೆಟ್ಟಿದೆ ಅಂತ ಮೂಗಿಗೆ ಹೇಳುವ ಕಾವಲುಗಾರರನ್ನು ಓಡಿಸಿ ಕಳ್ಳನನ್ನು ಒಳಗೇ ಬಿಟ್ಟಂತೆ. ಹಾಗಾಗಿ ಪ್ಯಾಕೆಟ್ಟಿನಲ್ಲಿ ಆಮ್ಲಜನಕ ಇರಲಿ. ಬ್ರಿಟನ್ನಿನಲ್ಲಿ ಬೇರೆ ತಡೆ ಇಲ್ಲದ, ಗಾಳಿ ತೆಗೆದ ತಣ್ಣನೆಯ ಆಹಾರಕ್ಕೆ 3ರಿಂದ 8 ಡಿಗ್ರಿಯಲ್ಲಿ 10 ದಿನವೇ ಗಡಿ. 15 ದಿನದ ಜಾಹೀರಾತು ಓದುವಾಗ ಇದು ನೆನಪಿರಲಿ.

ತುಂಗಾತೀರ:
ಸರಿ, ವ್ಯಾಕ್ಯೂಮ್ ಬಿಟ್ಟೆ. ಡಿಬಿಡಿಯಲ್ಲಿ ಎಷ್ಟು ಹೊತ್ತಿನಿಂದ ಶುರು ಮಾಡಲಿ? ಅಷ್ಟು ದೊಡ್ಡ ಯಂತ್ರ ಬೇಡ ಅಂದರೆ ಪ್ಲಾಸ್ಮಾ ಕೊಟ್ಟ ನೀರು ಅಂತಲೂ ಇದೆಯಂತಲ್ಲ?

ಕೊಯ್ಲಿನ_ನಂತರ:
ಸೀಲ್ ಆದ ಟ್ರೇಗೆ 30 ಸೆಕೆಂಡ್, 1, 2, 4 ನಿಮಿಷ ಹೀಗೆ ಇಮ್ಮಡಿ ಮಾಡುತ್ತಾ ಹೋಗಿ. ಕೊಟ್ಟ ಮೇಲೆ ಟ್ರೇ ಒಡೆಯದೆ 24 ಗಂಟೆ 4 ಡಿಗ್ರಿಯಲ್ಲಿ ಇರಬೇಕು. ನಿಜವಾದ ಕೆಲಸ ಸ್ವಿಚ್ ಆರಿಸಿದ ಮೇಲೆ ನಡೆಯುತ್ತದೆ: ಒಳಗೆ ಉಳಿದ ಓಝೋನ್ ಬಿಲ್ಲೆಯ ಸಂದುಗೊಂದಿಗೆ ಹೋಗಿ, ಕೆಲಸ ಮಾಡಿ, ಕೊನೆಗೆ ಮತ್ತೆ ಆಮ್ಲಜನಕವಾಗುತ್ತದೆ.

ಪರೀಕ್ಷೆಗೆ ಪ್ರತಿ ಹೊತ್ತಿಗೂ ಕನಿಷ್ಠ 15 ಟ್ರೇ. ಒಂದು ಗುಂಪು ಪ್ಲಾಸ್ಮಾ ಇಲ್ಲದ್ದು, ಇನ್ನೊಂದು ಗುಂಪು ಯಂತ್ರದೊಳಗೆ ಅಷ್ಟೇ ಹೊತ್ತು ಇಟ್ಟು ಸ್ವಿಚ್ ಹಾಕದ್ದು. ಈ ಎರಡನೆಯದನ್ನು ಎಲ್ಲರೂ ಬಿಡುತ್ತಾರೆ. 0, 3, 6, 9, 12ನೇ ದಿನ ಮೂರು ಮೂರು ಟ್ರೇ ಒಡೆಯಿರಿ. ಒಂದೇ ಕಳಲೆಯ ಬಿಲ್ಲೆಗಳನ್ನು ಎಲ್ಲ ಗುಂಪಿಗೂ ಹಂಚಿ. ಬುಡದವೆಲ್ಲ ಒಂದು ಗುಂಪಿಗೆ, ತುದಿಯವೆಲ್ಲ ಇನ್ನೊಂದಕ್ಕೆ ಹೋದರೆ ನಾರಿನ ಫಲಿತಾಂಶ ಸುಳ್ಳು. ಬಿಳಿ ಕಾಗದ ಪಕ್ಕದಲ್ಲಿಟ್ಟು ಒಂದೇ ಬೆಳಕಿನಲ್ಲಿ ಫೋಟೋ. ಟ್ರೇಯ ತಳದಲ್ಲಿ ಕೂತ ನೀರಿನ ತೂಕ. ಗಟ್ಟಿತನಕ್ಕೆ ಹಣ್ಣಿನ ಪೆನಿಟ್ರೋಮೀಟರ್ ಸಾಕು. ಬ್ಯಾಕ್ಟೀರಿಯಾ ಎಣಿಕೆಗೆ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ, 4 ಡಿಗ್ರಿ ಡಬ್ಬಿಯಲ್ಲೇ. 6ನೇ ದಿನಕ್ಕೆ 4 ನಿಮಿಷದ ಗುಂಪು ಸ್ವಿಚ್ ಹಾಕದ ಗುಂಪಿಗಿಂತ ಗಟ್ಟಿಯಾಗಿದ್ದರೆ ನೀವು ಹದ ಮೀರಿದ್ದೀರಿ.

ಪ್ಲಾಸ್ಮಾ ನೀರು ನಿಮ್ಮ ಗಾತ್ರದ ಕೆಲಸಕ್ಕೆ ಹೆಚ್ಚು ಹೊಂದುತ್ತದೆ ಅಂತ ನನ್ನ ಅಂದಾಜು, ಯಾಕೆಂದರೆ ರಾಶಿ, ಪದರದ ಗೋಳು ಇಲ್ಲ. ಪ್ಲಾಸ್ಮಾದ ಗಾಳಿಯನ್ನು ನೀರಿಗೆ ಗುಳ್ಳೆ ಬಿಡುವುದು. ಕಬ್ಬಿಣವನ್ನೂ ಬೈಕಾರ್ಬನೇಟನ್ನೂ ತೆಗೆದ ನೀರೇ ಬೇಕು; ಗಡಸು ನೀರಿನ ಬೈಕಾರ್ಬನೇಟ್ ಆಮ್ಲವನ್ನೆಲ್ಲ ಹೀರಿ ಪಿಎಚ್ ಇಳಿಯಲು ಬಿಡುವುದಿಲ್ಲ. ಪಿಎಚ್ 3ರ ಆಸುಪಾಸಿಗೆ ಬಂದರೆ ಸರಿ. ಒಂದು ಪಾಲು ಬಿಲ್ಲೆಗೆ ಐದು ಪಾಲು ನೀರು, 5ರಿಂದ 10 ನಿಮಿಷ, ಕೈಯಾಡಿಸುತ್ತಾ. ಆಮೇಲೆ ಒಳ್ಳೆ ನೀರಿನಲ್ಲಿ ಒಮ್ಮೆ ಜಾಲಿಸಿ ಸ್ಪಿನ್ನರಿಗೆ. ಸಿಟ್ರಿಕ್ ನೀರು ಬೇರೆ ಬೇಡ.

ಕೆಡುವುದು ಎರಡು ಕಡೆ. ಆ ನೀರಿನೊಳಗಿನ ಪೆರಾಕ್ಸೈಡ್, ನೈಟ್ರೈಟ್ ಪರಸ್ಪರ ತಿಂದುಹಾಕುತ್ತವೆ. ಪಿಎಚ್ 3ರಲ್ಲೇ ನಿಂತಿದ್ದರೂ ನಿನ್ನೆ ಮಾಡಿದ ನೀರಿನಲ್ಲಿ ಕಸುವು ಇರುವುದಿಲ್ಲ. ಪೆರಾಕ್ಸೈಡ್ ಪಟ್ಟಿ, ನೈಟ್ರೈಟ್ ಪಟ್ಟಿ ಎರಡನ್ನೂ ಅದ್ದಿ ನೋಡಿ ಬಳಸಿ, ಬರೀ ಪಿಎಚ್ ನಂಬಬೇಡಿ. ಎರಡನೆಯದು, ಅದೇ ನೀರಿಗೆ ಮೂರನೇ ಸಲ ಬಿಲ್ಲೆ ಹಾಕುವುದು. ಕಳಲೆಯ ರಸ ಬಿಟ್ಟು ನೀರು ಮಬ್ಬಾದರೆ ಪ್ಲಾಸ್ಮಾವೆಲ್ಲ ಆ ರಸಕ್ಕೇ ಖರ್ಚು.

ಇದನ್ನು 100 ಪಿಪಿಎಂ ಕ್ಲೋರಿನ್ ನೀರಿನ ಪಕ್ಕ ಇಟ್ಟು ಪರೀಕ್ಷಿಸಿ. ಕ್ಲೋರಿನ್ನಿಗಿಂತ ಅರ್ಧ ದಿನವೂ ಹೆಚ್ಚು ಕೊಡದಿದ್ದರೆ ಕೊಳ್ಳಲು ಕಾರಣ ಇಲ್ಲ.

ಹೈವೋಲ್ಟೇಜ್_ಕನ್ನಡಿಗ:
ಸುರಕ್ಷತೆ ಯಾರೂ ಎತ್ತಲಿಲ್ಲ. ಟ್ರೇ ಒಳಗೆ ಓಝೋನ್ ನೂರಾರು ಪಿಪಿಎಂ ಇರುತ್ತದೆ, ಸಾವಿರವೂ ದಾಟಬಹುದು. ಎಂಟು ಗಂಟೆ ಕೆಲಸ ಮಾಡುವವರಿಗೆ ಮಿತಿ 0.1 ಪಿಪಿಎಂ. ಹಲವು ಟ್ರೇಗಳ ಸೀಲ್ ಬಿಟ್ಟುಕೊಂಡರೆ ಸಣ್ಣ ಕೋಣೆ ಅದನ್ನು ದಾಟಬಹುದು. ಮೂಗನ್ನು ನಂಬಬೇಡಿ: ಐದು ನಿಮಿಷದಲ್ಲಿ ಮೂಗು ಒಗ್ಗಿಕೊಂಡು ವಾಸನೆಯೇ ಇಲ್ಲ ಅನ್ನಿಸುತ್ತದೆ. ಗೋಡೆಗೆ ಓಝೋನ್ ಮೀಟರ್, ಪೆಟ್ಟಿಗೆಯಿಂದ ಹೊರಗೆ ಹೋಗುವ ಕೊಳವೆ, ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಕ್ಯಾಟಲಿಸ್ಟ್. ಸೀಲ್ ಸೋರುತ್ತಿದೆಯೇ ಅಂತ ಅಗ್ಗದಲ್ಲಿ ನೋಡಲು ಪೊಟ್ಯಾಸಿಯಂ ಅಯೋಡೈಡ್ ಗಂಜಿ ಕಾಗದವನ್ನು ಒದ್ದೆ ಮಾಡಿ ಅಂಚಿಗೆ ಹಿಡಿಯಿರಿ, ನೀಲಿಯಾದರೆ ಸೋರಿಕೆ. ಸಾದಾ ರಬ್ಬರ್ ಗ್ಯಾಸ್ಕೆಟ್ ಓಝೋನಿಗೆ ಬಿರುಕು ಬಿಡುತ್ತದೆ, ವೈಟಾನ್ ಅಥವಾ ಟೆಫ್ಲಾನ್ ಹಾಕಿ.

ಬಾಗಿಲು ತೆರೆದ ಕೂಡಲೇ ವಿದ್ಯುತ್ ಕಡಿಯುವ ಇಂಟರ್‌ಲಾಕ್ ಒಂದಲ್ಲ, ಎರಡಿರಲಿ. ಕಡಿದ ಮೇಲೂ ತಟ್ಟೆಯಲ್ಲಿ ಚಾರ್ಜ್ ಉಳಿದಿರುತ್ತದೆ. ಅರ್ಥಿಂಗ್ ಕೋಲು ಮುಟ್ಟಿಸದೆ ಕೈ ಹಾಕಬಾರದು. ಮಳೆಗಾಲದ ಶೆಡ್ಡು, ಒದ್ದೆ ನೆಲ, 55 ಕಿಲೋವೋಲ್ಟ್: ಮೂರೂ ಒಂದೇ ಕೋಣೆಯಲ್ಲಿ ಬೇಡ. ಹೆಚ್ಚುವ ಕೋಣೆ ಬೇರೆ, ಯಂತ್ರದ ಕೋಣೆ ಬೇರೆ, ನಡುವೆ ಒಣ ನೆಲ.

ಪ್ಯಾಕಿಂಗ್_ಪಾಂಡು:
ಕಾಗದಪತ್ರದ್ದೂ ಸೇರಿಸುತ್ತೇನೆ. ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2017ರ ನಿಯಮದಲ್ಲಿ ಹೊಸ ತಂತ್ರಜ್ಞಾನದಿಂದ ಸಂಸ್ಕರಿಸಿದ ಆಹಾರಕ್ಕೆ ಮೊದಲೇ ಅನುಮತಿ ಕೇಳುವ ದಾರಿ ಇದೆ. ಪ್ಲಾಸ್ಮಾ ಕೊಟ್ಟದ್ದನ್ನು ಮಾರುವ ಮೊದಲು ಲಿಖಿತವಾಗಿ ಕೇಳಿ. "ಬರೀ ಗಾಳಿ ತಾನೇ" ಅನ್ನುವ ಮಾರಾಟಗಾರರ ಮಾತು ಇನ್‌ಸ್ಪೆಕ್ಟರ್ ಮುಂದೆ ನಿಲ್ಲುವುದಿಲ್ಲ. ಪರೀಕ್ಷೆಗೆ ಕೊಳ್ಳಬೇಕಿಲ್ಲ: ತಂಜಾವೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ನಿಫ್ಟೆಮ್‌ನಲ್ಲಿ ಕೋಲ್ಡ್ ಪ್ಲಾಸ್ಮಾ ಕೆಲಸ ನಡೆಯುತ್ತದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಪ್ಯಾಕಿಂಗ್ ಬಗ್ಗೆ ಬರೆದು ಕೇಳಬಹುದು. ಹಿಡುವಳಿಯ ಬಿದಿರು ಅನ್ನುವುದಕ್ಕೆ ಪಹಣಿ ಪ್ರತಿ ಗಾಡಿಯಲ್ಲೇ ಇರಲಿ, ಮಳೆಗಾಲದಲ್ಲಿ ಕಳಲೆ ಕಂಡರೆ ಚೆಕ್‌ಪೋಸ್ಟಿನಲ್ಲಿ ಕಾಡಿನದ್ದು ಅಂತಲೇ ಮೊದಲ ಅನುಮಾನ.

ಬೈಂಬಳೆ_ಪ್ರಿಯೆ:
ಇಷ್ಟೆಲ್ಲ ಯಾಕೆ, ಸಿಪ್ಪೆ ಸಮೇತ 2 ಡಿಗ್ರಿಯಲ್ಲಿ ಬೆಂಗಳೂರಿಗೆ ಕಳಿಸಿ ಅಲ್ಲೇ ಹೆಚ್ಚಿದರೆ ಆಗದಾ?

ಕೊಯ್ಲಿನ_ನಂತರ:
ಆಗುತ್ತದೆ. ಚೀನಾದ ಝೆಜಿಯಾಂಗ್ ಕಡೆ ತಾಜಾ ಕಳಲೆ ಹೆಚ್ಚಾಗಿ ಸಿಪ್ಪೆ ಸಮೇತವೇ ಮಾರುಕಟ್ಟೆಗೆ ಬರುವುದು. ಸಿಪ್ಪೆಗಿಂತ ಒಳ್ಳೆಯ ಪ್ಯಾಕಿಂಗ್ ಇಲ್ಲ. ತೊಂದರೆ ತೂಕದ್ದು: ಸುಲಿದು ಬುಡ ತೆಗೆದರೆ ಅರ್ಧಕ್ಕೂ ಕಡಿಮೆ ಉಳಿಯುವುದುಂಟು, ಆ ಕಸಕ್ಕೂ ಲಾರಿ ಬಾಡಿಗೆ. ದಿನಕ್ಕೆ 70 ಕೆಜಿಗೆ ಆ ಬಾಡಿಗೆ ಯಂತ್ರದ ಬಡ್ಡಿಗಿಂತ ಕಡಿಮೆಯೇ ಬರಬಹುದು, ಲೆಕ್ಕ ಹಾಕಿ ನೋಡಿ.

ತುಂಗಾತೀರ:
ಹಾಕುತ್ತೇನೆ. ಮೊದಲು ಐಸು ನೀರು, ಕಬ್ಬಿಣದ ಫಿಲ್ಟರ್, 2 ಡಿಗ್ರಿ ಕೋಣೆ. ಇವಿಷ್ಟರಿಂದ ಎಷ್ಟು ದಿನ ಸಿಗುತ್ತದೆ ನೋಡಿ ಆಮೇಲೆ ಪ್ಲಾಸ್ಮಾ ನೀರಿನ ಪರೀಕ್ಷೆ. ಮಾರುವವರಿಗೆ ಆಸಿಲೋಸ್ಕೋಪ್ ಚಿತ್ರ ಕೇಳಿದ್ದೇನೆ, ಉತ್ತರ ಬಂದಿಲ್ಲ. ಕೊನೆಯದೊಂದು: ನನ್ನಲ್ಲಿ ಈಗಾಗಲೇ ಸೂಜಿತೂತಿನ ಫಿಲ್ಮ್ ನಾಲ್ಕು ರೋಲ್ ಇದೆ. ಬಿಸಾಕಬೇಕಾ?

ಪ್ಯಾಕಿಂಗ್_ಪಾಂಡು:
ಬೇಡ. ಪ್ಲಾಸ್ಮಾ ನೀರಿನ ದಾರಿ ಹಿಡಿದರೆ ಹಾಗೇ ಬಳಸಿ, ಅಲ್ಲಿ ಅನಿಲ ಹಿಡಿದಿಡುವ ಕೆಲಸವೇ ಇಲ್ಲ. ಡಿಬಿಡಿಗೆ ಹೋದರೆ ತೂತಿನ ಸಾಲಿನ ಮೇಲೆ ಕಿತ್ತು ತೆಗೆಯಬಹುದಾದ ಕಾಗದದ ಸ್ಟಿಕ್ಕರ್ ಅಂಟಿಸಿ, 24 ಗಂಟೆ ಆದ ಮೇಲೆ ಗಾಳಿಯಾಡುವ ಕಡೆ ಕಿತ್ತುಬಿಡಿ. ಅಂಟು ತಣ್ಣಗೆ ಒದ್ದೆಯಾದರೂ ಹಿಡಿಯುವಂಥದ್ದು ಇರಲಿ, ಮಾಮೂಲಿ ಬೆಲೆಚೀಟಿಯ ಅಂಟು 4 ಡಿಗ್ರಿಯಲ್ಲಿ ರಾತ್ರಿಯೇ ಬಿಟ್ಟುಕೊಳ್ಳುತ್ತದೆ.